ಹೆದರದ ಹಕ್ಕಿ

ಲೈಬ್ರರಿಯಲ್ಲಿ ಪೇಪರ್ ಓದುವ ಕೋಣೆಯ ಬಾಗಿಲ ಪಕ್ಕಕ್ಕೆ, ವಸಂತ ಬಂತೆಂದರೆ, ಲೈಬ್ರರಿಯಮ್ಮ ಒಂದು ದೊಡ್ಡ ಹಾಳೆ ಅಂಟಿಸುತ್ತಿದ್ದರು. ಬೀದಿಯವರು ವಾರವಿಡೀ ಕಂಡ ಹಕ್ಕಿಗಳನ್ನು ಭಾನುವಾರ ಬಂದು ಅದರಲ್ಲಿ ಬರೆಯಬೇಕು. ಹಾಳೆಗೆ ಕಟ್ಟಿದ ದಾರದಲ್ಲಿ ಒಂದು ನೀಲಿ ಪೆನ್ನು ನೇತಾಡುತ್ತಿತ್ತು, ಅದು ಎಲ್ಲರದು. ಕೆಂಪು ಪೆನ್ಸಿಲ್ ಮಾತ್ರ ಒಬ್ಬರದು. ಬೀದಿಯಲ್ಲಿ ಅದುವರೆಗೆ ಯಾರೂ ಕಾಣದ ಹಕ್ಕಿಯನ್ನು ಕಂಡವರ ಕೈಗೆ ಅದು ಹೋಗುತ್ತದೆ. ಉಳಿದವರು ಬರೆದ ತಪ್ಪನ್ನು ಹೊಡೆದು ಹಾಕುವ ಅಧಿಕಾರವೂ ಅದರ ಜೊತೆಗೇ ಹೋಗುತ್ತದೆ.

ನಾಲ್ಕು ವರ್ಷದಿಂದ ಆ ಪೆನ್ಸಿಲ್ಲು ಗಡಿಯಾರ ರಿಪೇರಿ ಮಾಡುವವರ ಕಿವಿಯ ಮೇಲೆ ಠಿಕಾಣಿ ಹೂಡಿತ್ತು. ಬೀದಿಯವರು ಅವರ ಹೆಸರನ್ನು ಮರೆತು ಪೆನ್ಸಿಲ್ ಮಾವ ಎನ್ನುತ್ತಿದ್ದರು. ಎದುರಿಗೂ ಅನ್ನುತ್ತಿದ್ದರು. ಅವರೇನು ಬೇಸರ ಮಾಡಿಕೊಳ್ಳುತ್ತಿದ್ದರೇ? ಒಳಗೊಳಗೇ ಹಿಗ್ಗುತ್ತಿದ್ದರು. ನಿವೃತ್ತ ಬಸ್ ಕಂಡಕ್ಟರ್ ಒಮ್ಮೆ ಪಾಪ, "ಗುಬ್ಬಿ: ಕೂತವು ಹದಿನೆಂಟು, ನಿಂತವು ಆರು" ಎಂದು ಬರೆದಿದ್ದಕ್ಕೆ ಮಾವ ಅದನ್ನು ಅಡ್ಡಡ್ಡ ಹೊಡೆದು, ಪಕ್ಕದಲ್ಲಿ "ಇದು ಬಸ್ಸಲ್ಲ" ಎಂದು ಬರೆದಿದ್ದರು. ಇಡೀ ಬೀದಿ ಒಂದು ತಿಂಗಳು ನಕ್ಕಿತ್ತು, ಕಂಡಕ್ಟರ್ ಒಬ್ಬರನ್ನು ಬಿಟ್ಟು.

ಪೆನ್ಸಿಲ್ ಕೈಗೆ ಬಂದ ಮರುವರ್ಷವೇ ಮಾವ ಹಾಳೆಯ ನೆತ್ತಿಯ ಮೇಲೆ ಒಂದು ಕಾನೂನನ್ನೂ ಬರೆದರು: "ಹಕ್ಕಿಗಿಡುವ ಕಾಳಿನ ತಟ್ಟೆ, ನೀರಿನ ಬಟ್ಟಲು ತೊಳೆಯಬಾರದು. ಸೋಪಿನ ವಾಸನೆಗೆ ಹಕ್ಕಿ ದೂರವಾಗುತ್ತದೆ." ಇದಕ್ಕೆ ಆಧಾರ? ಅವರ ಹೆಂಡತಿ ಒಂದು ಸಲ ತಟ್ಟೆ ತೊಳೆದಿಟ್ಟ ಮೇಲೆ ಮೂರು ದಿನ ಹಕ್ಕಿ ಬಂದಿರಲಿಲ್ಲ. ಆ ಮೂರು ದಿನವೂ ಬಿಡದೆ ಮಳೆ ಸುರಿದಿತ್ತು ಎಂಬುದನ್ನು ಮಾವ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪ್ರತಿ ವಸಂತಕ್ಕೂ ಹಾಳೆ ಹೊಸದಾಗುತ್ತಿತ್ತು, ಕಾನೂನು ಮಾತ್ರ ಅದೇ. ಹನ್ನೊಂದು ಮನೆಯವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ತೊಳೆಯಬೇಡಿ ಎಂದರೆ ಪಾಲಿಸುವುದು ಎಷ್ಟು ಸುಲಭ ನೋಡಿ.

ಹೆಂಡತಿಗೆ ಮಾತ್ರ ಅದು ಒಗ್ಗಲಿಲ್ಲ. ಆಕೆಗೆ ಬೀದಿಯ ಮೂಲೆಯ ಬೇಕರಿಯಲ್ಲಿ ಕೆಲಸ, ದಿನಕ್ಕೆ ಅರವತ್ತು ಟ್ರೇ ಉಜ್ಜುವ ಕೈ.

"ಬ್ರೆಡ್ ಟ್ರೇ ನಾನು ಹಿಂಗಿಟ್ರೆ ಜನ ಸುಮ್ನೆ ಬಿಡ್ತಾರಾ?" ಎಂದಿದ್ದರು.

"ನಿಂಗೆ ಬ್ರೆಡ್ಡು ಗೊತ್ತು, ನಂಗೆ ಹಕ್ಕಿ ಗೊತ್ತು" ಎಂದು ಮಾವ ಮಾತು ಮುಗಿಸಿದ್ದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಈ ವರ್ಷ ಪೆನ್ಸಿಲ್ಲಿಗೆ ಕಂಟಕ ಬಂತು. ವಸಂತದ ಎರಡನೇ ಭಾನುವಾರವೇ ಕಂಡಕ್ಟರ್ ಬಂದು, ಬಸ್ ಡಿಪೋ ಹಿಂದಿನ ಹೊಂಡದಲ್ಲಿ ಮಿಂಚುಳ್ಳಿ ಕಂಡೆ ಎಂದು ಬರೆದರು. ಲೈಬ್ರರಿಯಮ್ಮನೂ ಅವರ ಜೊತೆ ಹೋಗಿ ಕಣ್ಣಾರೆ ನೋಡಿ ಬಂದಿದ್ದರಿಂದ ಹೊಡೆದು ಹಾಕುವ ಹಾಗೂ ಇರಲಿಲ್ಲ. ಮಾವ ಇನ್ನೊಂದು ಹೊಸ ಹಕ್ಕಿ ಕಾಣದಿದ್ದರೆ ವಸಂತ ಮುಗಿದ ದಿನ ಪೆನ್ಸಿಲ್ ಕಂಡಕ್ಟರ್ ಕಿವಿಗೆ. ಮಾವನಿಗೆ ಊಟ ಸೇರಲಿಲ್ಲ. ಕೈಗಡಿಯಾರದ ಸಣ್ಣ ಮುಳ್ಳನ್ನು ದೊಡ್ಡದರ ಜಾಗಕ್ಕೆ ಕೂರಿಸಿಬಿಟ್ಟರು, ಮೂವತ್ತು ವರ್ಷದಲ್ಲಿ ಮೊದಲ ಸಲ.

ಮರುದಿನವೇ ಹೊಸ ಹಕ್ಕಿ ಬಂತು. ಅಂಗಡಿ ಕಿಟಕಿಯಾಚೆಯ ಕಾಳಿನ ತಟ್ಟೆಯ ಅಂಚಿನಲ್ಲಿ ಕೂತಿತ್ತು. ಬಣ್ಣ ಗುಬ್ಬಿಯದೇ, ಆದರೆ ಮೈ ಚೆಂಡಿನಷ್ಟು ದುಂಡಗೆ. ಕಣ್ಣು ಅರ್ಧ ಮುಚ್ಚಿತ್ತು. ಮಾವ ರಿಪೇರಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಕಿಟಕಿ ತೆಗೆದು, ಗೇಣು ದೂರಕ್ಕೆ ಮೂಗು ಒಯ್ದರು. ಹಕ್ಕಿ ಕದಲಲಿಲ್ಲ. ಗಾಜಿನ ಹಿಂದೆ ಅಷ್ಟು ದೊಡ್ಡ ಕಣ್ಣು ಕಂಡರೆ ಮನುಷ್ಯರೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ.

"ನೋಡೇ ಬಾರೇ, ನನ್ನ ಕಂಡ್ರೆ ಇದಕ್ಕೆ ಒಂಚೂರೂ ಹೆದರಿಕೆ ಇಲ್ಲ" ಎಂದು ಹೆಂಡತಿಯನ್ನು ಕರೆದರು. "ನಂಬಿಕೆ ಅಂದ್ರೆ ಇದು."

ಆಕೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ನೋಡಿದರು.

"ರೀ, ಅದಕ್ಕೆ ಹುಷಾರಿಲ್ಲ. ನಿಮಗೆ ಜ್ವರ ಬಂದಾಗ ನೀವೂ ಹಿಂಗೇ ಕೂರ್ತೀರ, ಕಂಬಳಿ ಹೊದ್ಕೊಂಡು, ಅರ್ಧ ಕಣ್ಣು ಮುಚ್ಕೊಂಡು. ನಿಮ್ಮನ್ನ ಹೊಸ ಜಾತಿ ಅಂತ ಯಾರೂ ಬರ್ಕೊಂಡಿಲ್ಲ."

ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಭಾನುವಾರ ಹಾಳೆಯಲ್ಲಿ, "ದುಂಡು ಗುಬ್ಬಿ. ಹೊಸ ಜಾತಿ. ಬಹಳ ಸಾಧು, ಧ್ಯಾನದ ಸ್ವಭಾವ. ಮನುಷ್ಯರಿಗೆ ಹೆದರುವುದಿಲ್ಲ" ಎಂದು ಬರೆದು, ಕಂಡಕ್ಟರ್ ಕಡೆ ತಿರುಗಿ ಕೆಮ್ಮಿದರು. ಮಂಗಳವಾರ ಇನ್ನೆರಡು ಸಾಧುಗಳು ಬಂದವು. ಮಾವನ ಹೊಟ್ಟೆಗೆ ಹಾಲು ಹುಯ್ದಂತಾಯಿತು.

ಗುರುವಾರ ಬೆಳಗ್ಗೆ ಅಂಗಡಿ ತೆಗೆದಾಗ ಮೊದಲಿನ ಹಕ್ಕಿ ತಟ್ಟೆಯಲ್ಲೇ ಸತ್ತು ಬಿದ್ದಿತ್ತು. ಮಾವ ಕೈಗಡಿಯಾರದ ಖಾಲಿ ಡಬ್ಬಿಯೊಳಗೆ ಹತ್ತಿ ಹಾಸಿ, ಅದನ್ನು ಮಲಗಿಸಿಕೊಂಡು ಪಶುವೈದ್ಯೆಯ ಕ್ಲಿನಿಕ್ಕಿಗೆ ನಡೆದರು.

ವೈದ್ಯೆ ಡಬ್ಬಿ ತೆರೆದವರೇ, "ಬರೀ ಕೈಲಿ ಮುಟ್ಟಿದ್ರಾ? ಮೊದ್ಲು ಆ ಸಿಂಕಿನ ಹತ್ರ ಹೋಗಿ" ಎಂದರು. ಮಾವ ಕೈ ತೊಳೆದು ಬರುವಷ್ಟರಲ್ಲಿ ಗ್ಲೌಸು ಹಾಕಿಕೊಂಡು ಹಕ್ಕಿಯ ಕೊಕ್ಕು ಬಿಡಿಸಿ ನೋಡಿದ್ದರು.

"ಕಾಳಿನ ತಟ್ಟೆ ಯಾವಾಗ ತೊಳೆದಿದ್ದು?"

"ತೊಳೆಯಲ್ಲ."

"ಎಷ್ಟು ದಿನದಿಂದ?"

"ಮೂರು ವರ್ಷ ಆಯ್ತು" ಎಂದರು ಮಾವ. ಹೇಳುವಾಗ ದನಿ ತಾನಾಗಿ ಇಳಿಯಿತು.

ವೈದ್ಯೆ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಇದು ಮಾಮೂಲಿ ಗುಬ್ಬಿನೇ, ಮಾವ. ಕಾಯಿಲೆ ಬಂದು ಮೈ ಉಬ್ಬಿಸ್ಕೊಂಡು ಕೂತಿತ್ತು. ಒಂದೇ ತಟ್ಟೆಗೆ ಅಷ್ಟೊಂದು ಬಾಯಿ, ಅದರಲ್ಲೇ ಹಿಕ್ಕೆ. ಒಂದಕ್ಕೆ ಬಂದಿದ್ದು ಎಲ್ಲಕ್ಕೂ ಹರಡುತ್ತೆ."

"ಆದ್ರೆ ನನ್ನ ಕಂಡ್ರೆ ಅದು ಹೆದರ್ತಾ ಇರ್ಲಿಲ್ಲ."

"ಹೆದರ್ತಾ ಇತ್ತು. ಹಾರೋಕೆ ಶಕ್ತಿ ಇರ್ಲಿಲ್ಲ."

ಆ ಮಾತು ಮಾವನ ಎದೆಗೆ ನಾಟಿತು. ಅಷ್ಟು ದೊಡ್ಡ ಕಣ್ಣು ಮಾಡಿಕೊಂಡು ತಾವು ಮುಖಕ್ಕೆ ಮುಖ ಕೊಟ್ಟು ನೋಡುತ್ತಿದ್ದಾಗ ಆ ಜೀವ ಒಳಗೊಳಗೆ ಎಷ್ಟು ನಡುಗಿತ್ತೋ ಎಂದುಕೊಂಡರು. ಕಣ್ಣು ತುಂಬಿ ಬಂತು. ಬೆಕ್ಕು ಹಿಡಿದು ಕೂತಿದ್ದ ಹೆಂಗಸೊಬ್ಬರಿಗೆ ಅದು ಕಾಣಬಾರದೆಂದು ಮಾವ ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

"ಎಲ್ಲಾ ಮನೆಯವರೂ ತಟ್ಟೆ ಇಳಿಸ್ಬೇಕು, ಇವತ್ತೇ" ಎಂದರು ವೈದ್ಯೆ. "ಸೋಪಲ್ಲಿ ತಿಕ್ಕಿ, ಬ್ಲೀಚಿಂಗ್ ನೀರಲ್ಲಿ ಅದ್ದಿ, ಚೆನ್ನಾಗಿ ತೊಳೆದು ಬಿಸಿಲಲ್ಲಿ ಒಣಗ್ಸಿ. ಮೂರು ವಾರ ಇಡ್ಲೇಬೇಡಿ. ಈ ಕಾಲದಲ್ಲಿ ಅವಕ್ಕೆ ಹೊರಗೆ ಹುಳ, ಬೀಜ ಬೇಕಾದಷ್ಟು ಸಿಗುತ್ತೆ. ನಿಮ್ಮದೊಂದು ತೊಳೆದ್ರೆ ಏನೂ ಉಪಯೋಗ ಇಲ್ಲ."

ಮಾವ ಸಿಕ್ಕಿಬಿದ್ದಿದ್ದೇ ಅಲ್ಲಿ. ತಮ್ಮ ತಟ್ಟೆಯನ್ನು ಸದ್ದಿಲ್ಲದೆ ತೊಳೆದಿಡಬಹುದಿತ್ತು, ದುಂಡು ಗುಬ್ಬಿ ವಲಸೆ ಹೋಯಿತು ಎಂದು ಬರೆದು ಪೆನ್ಸಿಲ್ಲನ್ನೂ ಉಳಿಸಿಕೊಳ್ಳಬಹುದಿತ್ತು. ಉಳಿದ ಹತ್ತು ಮನೆಗೆ ಏನು ಹೇಳುವುದು? ದಾರಿಯಲ್ಲಿ ಬೇಕರಿಗೆ ಹೋಗಿ ಹೆಂಡತಿಯ ಮುಂದೆ ಎಲ್ಲವನ್ನೂ ಒದರಿದರು.

"ಭಾನುವಾರ ಎಲ್ಲರೂ ಸೇರ್ತಾರಲ್ಲ, ಆಗ ಹೇಳ್ತೀನಿ" ಎಂದರು.

"ಇವತ್ತು ಗುರುವಾರ" ಎಂದರು ಆಕೆ, ಟ್ರೇ ಉಜ್ಜುವುದನ್ನು ನಿಲ್ಲಿಸದೆ. "ಧೂಳಿನ ಒಂದು ಕಣ ಬಿದ್ರೂ ಗಡಿಯಾರ ನಿಲ್ಲುತ್ತೆ ಅಂತ ಗಿರಾಕಿಗಳಿಗೆ ಪಾಠ ಮಾಡ್ತೀರಲ್ಲ. ಅಷ್ಟು ದಿನ ಅವು ತಡೀತಾವಾ?"

ಮಾವ ಲೈಬ್ರರಿಗೆ ಹೋದರು. ಕಂಡಕ್ಟರ್ ಅಲ್ಲೇ ಪೇಪರ್ ಓದುತ್ತಿದ್ದರು. ಇನ್ಯಾರು ಇರಬೇಕು ಹೇಳಿ. ಮಾವ ಕಿವಿಯಿಂದ ಕೆಂಪು ಪೆನ್ಸಿಲ್ ತೆಗೆದು, ಮೊದಲು ದುಂಡು ಗುಬ್ಬಿಯನ್ನು ಹೊಡೆದರು. ಆಮೇಲೆ ಹಾಳೆಯ ನೆತ್ತಿಯ ಕಾನೂನನ್ನು ಹೊಡೆದರು. ಅದರ ಕೆಳಗೆ, "ನಾನು ಹೇಳಿದ್ದು ತಪ್ಪು. ತೊಳೆಯದ ತಟ್ಟೆಯಿಂದ ಹಕ್ಕಿಗಳು ಸಾಯುತ್ತಿವೆ. ಎಲ್ಲರೂ ಇವತ್ತೇ ಇಳಿಸಿ" ಎಂದು ದೊಡ್ಡದಾಗಿ ಬರೆದು, ಪೆನ್ಸಿಲ್ಲನ್ನು ಕಂಡಕ್ಟರ್ ಮುಂದಿನ ಮೇಜಿನ ಮೇಲಿಟ್ಟರು.

ಕಂಡಕ್ಟರ್ ಎದ್ದು ಹೋಗಿ ಓದಿದರು. ಇಂಥ ದಿನಕ್ಕಾಗಿ ಅವರು ಎಷ್ಟು ಕಾದಿದ್ದರೋ. ಆದರೆ ಮಾವನ ಮುಖ ನೋಡಿದ ಮೇಲೆ ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ.

"ಟಿಕೆಟ್ ಇಲ್ದೆ ನಾಲ್ಕು ವರ್ಷ ಓಡಾಡಿದ್ರಿ, ಮಾವ" ಎಂದರು. "ಈಗ ಇಳೀರಿ. ಹತ್ತು ಮನೆ ಒಬ್ಬರೇ ಸುತ್ತೋಕಾಗಲ್ಲ, ನಾನೂ ಬರ್ತೀನಿ."

ಸಂಜೆಯೊಳಗೆ ಹನ್ನೊಂದು ತಟ್ಟೆ, ಒಂಬತ್ತು ಬಟ್ಟಲು ಬೇಕರಿಯ ಹಿಂದಿನ ತೊಟ್ಟಿಗೆ ಬಂದವು. ಮಾವ ಗಡಿಯಾರದ ಹಲ್ಲುಚಕ್ರ ತಿಕ್ಕುವ ಸಣ್ಣ ಬ್ರಷ್ಷಿನಲ್ಲೇ ಶುರುಮಾಡಿದರು. ಹೆಂಡತಿ ಅದನ್ನು ಕಸಿದುಕೊಂಡು ಟ್ರೇ ಉಜ್ಜುವ ಬ್ರಷ್ ಕೊಟ್ಟರು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ನಾಲ್ಕನ್ನು ತೊಟ್ಟಿಗೆ ವಾಪಸ್ ಹಾಕಿದರು.

ಮೂರು ವಾರ ಕಿಟಕಿಯಾಚೆ ಏನೂ ಇರಲಿಲ್ಲ. ಹಾಳೆಯಲ್ಲಿ ಮಾವನ ಹೆಸರಿನ ಮುಂದೆ ಮೂರು ಭಾನುವಾರದ ಚೌಕಗಳು ಖಾಲಿ ಉಳಿದವು. ಗಿರಾಕಿಗಳು "ಏನ್ ಮಾವ, ಧ್ಯಾನ ಹೇಗಿದೆ?" ಎಂದು ಕೇಳಿದರೂ ಮಾವ ಕಿಟಕಿಯನ್ನೇ ನೋಡುತ್ತಿದ್ದರು. ಹಕ್ಕಿಗಳು ಇನ್ನು ಬರುವುದೇ ಇಲ್ಲವೇನೋ ಎಂಬ ಒಂದೇ ದಿಗಿಲು.

ನಾಲ್ಕನೇ ವಾರ ತೊಳೆದ ತಟ್ಟೆಯಲ್ಲಿ ಹೊಸ ಕಾಳು ಹಾಕಿ ಇಟ್ಟರು. ಮೂರನೇ ಬೆಳಗ್ಗೆ ಒಂದು ಗುಬ್ಬಿ ಬಂತು, ಸಣ್ಣ ಮೈ, ಚುರುಕು ಕಣ್ಣು. ಮಾವ ಅಭ್ಯಾಸಬಲದಿಂದ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದರು ಅಷ್ಟೇ, ಪುರ್‍ರೆಂದು ಹಾರಿಹೋಯಿತು.

"ಹೆದರ್ಕೊಂಡ್ತು ಕಣೇ!" ಎಂದು ಮಾವ ಬೇಕರಿಯವರೆಗೆ ಓಡಿಯೇ ಹೋದರು. ಭೂತಗನ್ನಡಿ ಇನ್ನೂ ಕಣ್ಣಲ್ಲೇ ಇತ್ತು. "ನನ್ನ ನೋಡಿ ಹೆದರ್ಕೊಂಡು ಹಾರ್ಹೋಯ್ತು."

"ಹಾರದೆ ಏನ್ಮಾಡುತ್ತೆ" ಎಂದರು ಹೆಂಡತಿ. "ಮೂವತ್ತು ವರ್ಷದಿಂದ ಹಾರದೆ ಕೂತಿರೋಳು ನಾನೊಬ್ಬಳೇ." ಹಾಗೆನ್ನುತ್ತಲೇ ಸೆರಗಿನ ತುದಿಯಿಂದ ಗಂಡನ ಇನ್ನೊಂದು ಕಣ್ಣು ಒರೆಸಿದರು.

ಭಾನುವಾರ ಮಾವ ದಾರದ ನೀಲಿ ಪೆನ್ನು ಹಿಡಿದು ಬರೆದರು: "ಗುಬ್ಬಿ. ಒಂದು. ನನ್ನನ್ನು ಕಂಡು ಹೆದರಿ ಹಾರಿತು."

ಕಂಡಕ್ಟರ್ ಕಿವಿಯ ಮೇಲಿನ ಕೆಂಪು ಪೆನ್ಸಿಲ್ ತೆಗೆದು, ಹಾಳೆಯ ಹತ್ತಿರ ಬಂದು, ಅದನ್ನು ಎರಡು ಸಲ ಓದಿದರು. ಹೊಡೆದು ಹಾಕುವಂಥದ್ದು ಏನೂ ಇರಲಿಲ್ಲ.