ಬರಿಗಾಲಿನ ಫ್ಲಮೆಂಕೊ

ತುಂಗಾಗೆ ಬೇಕಿದ್ದದ್ದು ನಾಲ್ಕೇ ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ಅವಳ ಕಾಲಿನ ಸದ್ದು ಅವಳ ಗಂಡನ ಕಿವಿಗೆ ಬೀಳಬೇಕು. ಚಪ್ಪಾಳೆ ಬಂದರೆ ಬರಲಿ, ಬಿಟ್ಟರೆ ಬಿಡಲಿ. ನಲವತ್ತೊಂಬತ್ತು ವಯಸ್ಸಿನ ಗಣಿತದ ಟೀಚರಿಗೆ ಇದೊಂದು ಆಸೆಯೇ ಅಂತ ಮೂಗು ಮುರಿಯುವವರು, ಇದಕ್ಕಿಂತ ಸಣ್ಣ ಆಸೆ ಯಾವುದಿದೆ ಅಂತ ತಾವೇ ಹುಡುಕಿ ಕೊಡಲಿ.

ಶುರುವಾಗಿದ್ದು ಮಗಳಿಂದ. ಮೂರು ವರ್ಷದ ಹಿಂದೆ ಗಗನಾಳನ್ನು ಬ್ಯಾಲೆ ಕಲಿಯಲು ಸೇರಿಸೋಣ ಅಂತ ತುಂಗಾ ಚಂದ್ರಾ ಲೇಔಟಿಗೆ ಹೋಗಿದ್ದಳು. ಕೆಳಗೆ ದರ್ಶಿನಿ ಹೋಟೆಲು, ಮೇಲಿನ ಎರಡು ಮಹಡಿಯಲ್ಲಿ ರಾಗಿಣಿಯ ಡ್ಯಾನ್ಸ್ ಶಾಲೆ. ಸಾಂಬಾರಿನ ಒಗ್ಗರಣೆ ವಾಸನೆಯಲ್ಲೇ ಮಕ್ಕಳು ಹಂಸಗಳಾಗುತ್ತಿದ್ದರು. ಗಗನಾ ಎರಡು ತಿಂಗಳಿಗೆ ಕೈ ಎತ್ತಿದಳು. "ಬೆರಳ ತುದೀಲಿ ನಿಲ್ಲೋಕೆ ನಾನೇನು ಕೊಕ್ಕರೇನಾ ಅಮ್ಮ?" ಅಂದವಳು ಈಗ ಮೈಸೂರಿನ ಕಾಲೇಜಿನಲ್ಲಿದ್ದಾಳೆ. ಆದರೆ ಮಗಳಿಗಾಗಿ ಕಾಯುತ್ತ ಕೂತಿದ್ದ ತಾಯಿ ಪಕ್ಕದ ಕೋಣೆಯಲ್ಲಿ ಫ್ಲಮೆಂಕೊ ಅನ್ನುವ ಸ್ಪ್ಯಾನಿಶ್ ಕುಣಿತವನ್ನು ನೋಡಿಬಿಟ್ಟಿದ್ದಳು. ಸೊಂಟದಿಂದ ಮೇಲೆ ಮಹಾರಾಣಿಯ ಗತ್ತು, ಸೊಂಟದಿಂದ ಕೆಳಗೆ ನಲ್ಲಿ ಕಟ್ಟೆಯ ಜಗಳ. ಹನ್ನೆರಡು ಎಣಿಕೆಯ ತಾಳ. ಮೂರು, ಆರು, ಎಂಟು, ಹತ್ತು, ಹನ್ನೆರಡಕ್ಕೆ ಪೆಟ್ಟು. ಇಪ್ಪತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳಿಗೆ ಲೆಕ್ಕಕ್ಕೆ ಇಷ್ಟೊಂದು ಸಿಟ್ಟು ಇರಬಹುದು ಅಂತ ಅವತ್ತೇ ಗೊತ್ತಾದದ್ದು. ಮಾರನೆಯ ವಾರ ತಾನೇ ಸೇರಿಕೊಂಡಳು.

ಈ ಕುಣಿತದ ಜೀವ ಇರುವುದು ಚಪ್ಪಲಿಯಲ್ಲಿ. ಹಿಮ್ಮಡಿಗೂ ತುದಿಗೂ ಒತ್ತೊತ್ತಾಗಿ ಸಣ್ಣ ಮೊಳೆ ಹೊಡೆದಿರಬೇಕು. ಮರದ ನೆಲಕ್ಕೆ ಆ ಮೊಳೆ ತಾಗಿದಾಗ ಹುಟ್ಟುವ ಸದ್ದೇ ಅರ್ಧ ಸಂಗೀತ. ತುಂಗಾ ತನ್ನ ಶಾಲೆಯಿರುವ ಸುಂಕದಕಟ್ಟೆಯಲ್ಲಿ ಚಪ್ಪಲಿ ಹೊಲಿಯುವ ಗೂಳಪ್ಪನ ಹತ್ತಿರ ಕಪ್ಪು ಚರ್ಮದ ಜೋಡಿಯೊಂದನ್ನು ಮಾಡಿಸಿದಳು. ಗೂಳಪ್ಪ ಒಂದೊಂದು ಕಾಲಿಗೂ ನಲವತ್ತು ಮೊಳೆ ಹೊಡೆದು, ಒಂದರ ತಲೆಯೂ ಮೇಲೇಳದ ಹಾಗೆ ಉಜ್ಜಿ, "ಇದನ್ನ ಹಾಕ್ಕೊಂಡು ಯಾವ ಬೆಟ್ಟ ಹತ್ತೀರಾ ಟೀಚರಮ್ಮ?" ಅಂತ ನಕ್ಕಿದ್ದ.

ಬೆಟ್ಟ ಹತ್ತುವುದಿರಲಿ, ಬಸವೇಶ್ವರನಗರದ ಸ್ವಂತ ಮನೆಯಲ್ಲಿ ಅದನ್ನು ಮೆಟ್ಟಿ ಎರಡು ಹೆಜ್ಜೆ ಇಡಲೂ ಆಗಲಿಲ್ಲ. ಮೊದಲ ದಿನವೇ ಗಂಡ ಮಧ್ವೇಶ ನಡುಮನೆಯಿಂದ ಕೂಗಿದ್ದ: "ಲೇ, ತೆಗಿಯೇ ಅದನ್ನ! ಕೆಳಗಡೆ ಕಾಂತರಾಜು ಫೋನ್ ಮಾಡಿದ್ದ. ಮೇಲೆ ಕುದುರೆ ಕಟ್ಟಿದೀರಾ ಸಾರ್ ಅಂತ ಕೇಳ್ತಾನೆ." ಕಾಂತರಾಜು ಕೆಳಗಿನ ಮನೆಯ ಬಾಡಿಗೆದಾರ. ಆಮೇಲೆ ವಾರಕ್ಕೊಮ್ಮೆ ಕಾಂತರಾಜುವಿನ ದೂರು ಮಧ್ವೇಶನ ಬಾಯಲ್ಲಿ ಬರತೊಡಗಿತು. ಒಗ್ಗರಣೆಗೆ ಎಣ್ಣೆ ಕಾಯುವಷ್ಟರಲ್ಲಿ, ಕುಕ್ಕರ್ ಕೂಗುವಷ್ಟರಲ್ಲಿ, ಅಡುಗೆಮನೆಯ ನೆಲದ ಮೇಲೆ ತುಂಗಾ ಮೂರು ವರ್ಷ ಬರಿಗಾಲಲ್ಲಿ ಅಭ್ಯಾಸ ಮಾಡಿದಳು. ಸದ್ದೇ ಉಸಿರಾದ ಕುಣಿತವನ್ನು ಸದ್ದಿಲ್ಲದೆ ಕಲಿತವಳು ಅವಳೊಬ್ಬಳೇ ಇರಬೇಕು. ಮಧ್ವೇಶ ಕೆಟ್ಟವನಲ್ಲ, ಒಂದು ದಿನವೂ ಹೋಗಬೇಡ ಅನ್ನಲಿಲ್ಲ. ಬರೀ ನಗುತ್ತಿದ್ದ. ನೆಂಟರು ಬಂದರೆ, "ನಮ್ಮನೇಲಿ ಈಗ ಸ್ಪೇನ್ ನಡೀತಾ ಇದೆ" ಅನ್ನುತ್ತಿದ್ದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಗುವವನಿಗೆ ಏನು ಮಾಡುತ್ತೀರಿ?

ಹಾಗಾಗಿ ರಾಗಿಣಿ ತನ್ನ ಶಾಲೆಯ ಹತ್ತನೇ ವರ್ಷಕ್ಕೆ ಡಿಸೆಂಬರಿನಲ್ಲಿ ಗಾಲಾ ಈವ್ನಿಂಗ್ ಇಟ್ಟು, "ತುಂಗಾ ಆಂಟಿ, ಸ್ಪ್ಯಾನಿಶ್ ಸೋಲೋ ನಿಮ್ದೇ" ಅಂದಾಗ ತುಂಗಾಗೆ ಮೊದಲು ಹೊಳೆದದ್ದು ಮರದ ವೇದಿಕೆ. ಅಲ್ಲಿ ಕಾಂತರಾಜು ಇರುವುದಿಲ್ಲ. ಮಧ್ವೇಶ ಮುಂದಿನ ಸಾಲಿನಲ್ಲಿ ಕೂತಿರುತ್ತಾನೆ. ತಾನು ಯಾವುದಕ್ಕೆ ನಗುತ್ತಿದ್ದೆ ಅಂತ ಒಮ್ಮೆ ಕಿವಿಯಾರೆ ಕೇಳಿಸಿಕೊಳ್ಳಲಿ. ಅವನೂ ಬರುತ್ತೇನೆ ಅಂದ. ಮೂರು ವರ್ಷದಲ್ಲಿ ಮೊದಲ ಸಲ ಅವಳ ಕುಣಿತಕ್ಕಾಗಿ ಅವನು ಶರ್ಟು ಇಸ್ತ್ರಿ ಮಾಡಿಸಿದ. ಅವಳಿಗೆ ಅಷ್ಟಕ್ಕೇ ಕಣ್ಣು ತುಂಬಿತ್ತು, ಪಾಪ.

ಶುಕ್ರವಾರ ವಿಜಯನಗರದ ರಂಗಮಂದಿರದಲ್ಲಿ ರಿಹರ್ಸಲ್ ಆಯಿತು. ಖಾಲಿ ಕುರ್ಚಿಗಳ ಮುಂದೆ ತುಂಗಾ ಮೊದಲ ಪೆಟ್ಟು ಹೊಡೆದಾಗ ಸದ್ದು ಹಿಂದಿನ ಗೋಡೆಗೆ ಹೋಗಿ ತಿರುಗಿ ಬಂತು. ಲೈಟ್ ಹಾಕುವವನು ಏಣಿಯ ಮೇಲಿಂದ ಬಗ್ಗಿ ನೋಡಿದ. ಅವಳು ಆಮೇಲೆ ಗ್ರೀನ್ ರೂಮಿಗೆ ಹೋಗಿ ಯಾರಿಗೂ ಕಾಣದ ಹಾಗೆ ಬಾಯಿ ಮುಚ್ಚಿಕೊಂಡು ನಕ್ಕಳು.

ಭಾನುವಾರ ಸಂಜೆ ಐದೂವರೆಗೆ ಅಂತ ಹೇಳಿದ ಕಾರ್ಯಕ್ರಮ ಆರೂಕಾಲಿಗೆ ಶುರುವಾಯಿತು. ಬಾಗಿಲಲ್ಲಿ ರಂಗೋಲಿ, ಪನ್ನೀರು, ಒಳಗೆ ಮಿಣುಕುವ ಬೆಳ್ಳಿ ನಕ್ಷತ್ರಗಳು. ವೇದಿಕೆಯ ಬಲಮೂಲೆಯಲ್ಲಿ ಎದೆಮಟ್ಟದ ಕಂಚಿನ ನಟರಾಜ, ಮೈತುಂಬ ಸೇವಂತಿಗೆ. ದೀಪ ಬೆಳಗಿದ್ದಾಯಿತು, ಮುಖ್ಯ ಅತಿಥಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿ ಆಯಿತು. ಮೊದಲು ಬ್ಯಾಲೆ, ಆಮೇಲೆ ಕಾಂಟೆಂಪರರಿ ಡ್ಯಾನ್ಸ್, ಅದಾದ ಮೇಲೆ ತುಂಗಾಳ ಸ್ಪ್ಯಾನಿಶ್. ಕೆಂಪು ಲಂಗ ಉಟ್ಟು, ಕೂದಲಿಗೆ ಹೂ ಸಿಕ್ಕಿಸಿ, ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಾಗ ರಾಗಿಣಿ ಓಡಿ ಬಂದಳು.

"ತುಂಗಾ ಆಂಟಿ, ಬೇಜಾರ್ ಮಾಡ್ಕೋಬೇಡಿ. ರಂಗಮಂದಿರದ ಸೆಕ್ರೆಟರಿ ಸಾರ್ ಈಗ ಹೇಳ್ತಾರೆ, ನಟರಾಜನ ಮುಂದೆ ಚಪ್ಪಲಿ ಹಾಕ್ಕೊಂಡು ಕುಣಿಯೋ ಹಾಗಿಲ್ವಂತೆ. ಬರಿಗಾಲಲ್ಲಿ ಮಾಡಿಬಿಡಿ, ಪ್ಲೀಸ್."

"ಬರಿಗಾಲಲ್ಲಿ ಫ್ಲಮೆಂಕೊನಾ? ರಾಗಿಣಿ, ನೀವೇ ಹೇಳ್ತಾ ಇದೀರಾ ಇದನ್ನ?"

"ನಾನು ಹೇಳ್ದೆ ಆಂಟಿ, ಕೈ ಮುಗಿದು ಹೇಳ್ದೆ. ಶೋ ನಿಲ್ಲಿಸ್ತೀನಿ ಅಂತಾರೆ. ನಲವತ್ತು ಮಕ್ಕಳ ಅಪ್ಪ ಅಮ್ಮ ಹೊರಗಡೆ ಕೂತಿದಾರೆ."

ಪರದೆಯ ಆಚೆ ಆಗತಾನೇ ಬ್ಯಾಲೆ ಮುಗಿದಿತ್ತು. ಬಿಳಿ ಗೊಂಬೆಗಳ ಹಾಗಿದ್ದ ಹನ್ನೆರಡು ಹುಡುಗಿಯರು ಗುಲಾಬಿ ಬಣ್ಣದ ಸ್ಯಾಟಿನ್ ಷೂಗಳಲ್ಲಿ ಓಡಿ ಬಂದರು. ತುಂಗಾ ಅವರ ಕಾಲನ್ನು ನೋಡಿದಳು.

"ಅದೇನು ಹಾಗಾದ್ರೆ?"

ರಾಗಿಣಿ ತಲೆ ತಗ್ಗಿಸಿದಳು. "ಅದು ಬಟ್ಟೇದಂತೆ ಆಂಟಿ, ಚರ್ಮ ಅಲ್ವಂತೆ. ಆ ಮುಂದೆ ಇದ್ದಾಳಲ್ಲ ಹೇಮಶ್ರೀ, ಅವಳು ಸೆಕ್ರೆಟರಿ ಸಾರ್ ಮೊಮ್ಮಗಳು."

ದೇವರು ವರ ಕೊಟ್ಟರೂ ಪೂಜಾರಿ ಬಿಡ ಅನ್ನುವುದು ಸುಮ್ಮನೆ ಅಲ್ಲ. ನಟರಾಜನೇನೋ ಒಂದು ಕಾಲೆತ್ತಿ ತನ್ನ ಪಾಡಿಗೆ ಕುಣಿಯುತ್ತಿದ್ದ, ಯಾರ ಕಾಲಲ್ಲಿ ಏನಿದೆ ಅಂತ ನೋಡಿದವನಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯುವವಳೂ ನೆಟ್ಟಗಿದ್ದಳು, ನೆಲವೂ ನೆಟ್ಟಗಿತ್ತು, ನಡುವೆ ಬಂದು ನಿಂತವರು ಡೊಂಕು.

"ನಾನು ಮಾಡಲ್ಲ ಬಿಡಿ," ಅಂದಳು ತುಂಗಾ.

"ಆಂಟಿ, ಸೌಂಡ್‌ಗೆ ಯೋಚನೆ ಮಾಡ್ಬೇಡಿ. ಕಾಲಿನ ಸದ್ದೂ ಇರೋ ಟ್ರ್ಯಾಕ್ ಇದೆ ನನ್ಹತ್ರ, ಯಾರೋ ಸ್ಪೇನಿನವಳದ್ದು. ಅದನ್ನೇ ಹಾಕಿಸ್ತೀನಿ. ಲಂಗ ನೆಲಕ್ಕೆ ತಾಗತ್ತೆ, ಕಾಲು ಯಾರಿಗೂ ಕಾಣ್ಸಲ್ಲ. ನೀವು ಹೆಜ್ಜೆ ಹಾಕಿ ಸಾಕು."

ತುಂಗಾ ಪರದೆಯ ಸಂದಿಯಿಂದ ಇಣುಕಿದಳು. ಮೂರನೇ ಸಾಲಿನ ತುದಿಯಲ್ಲಿ ಇಸ್ತ್ರಿ ಶರ್ಟಿನ ಮಧ್ವೇಶ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಇವತ್ತು ಮಾಡದಿದ್ದರೆ ಇನ್ನೊಂದು ಸಲ ಇವನು ಬರುವುದುಂಟೇ? ಮನೆಗೆ ಹೋಗಿ "ಸ್ಪೇನ್ ಮುಗೀತು" ಅಂತ ನಗುತ್ತಾನೆ ಅಷ್ಟೆ. ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚಿದಳು.

ಕಾಂಟೆಂಪರರಿ ಹುಡುಗರು ನೆಲದ ಮೇಲೆ ಉರುಳಾಡಿ ಮುಗಿಸುವ ಹೊತ್ತಿಗೆ ಸೆಕ್ರೆಟರಿ ರೇವಣಸಿದ್ದಪ್ಪನವರೇ ಪಕ್ಕಕ್ಕೆ ಬಂದು ನಿಂತರು. ರಾಣೆಬೆನ್ನೂರಿನ ಕಡೆಯವರು, ರಿಟೈರ್ಡ್ ಅಧಿಕಾರಿ, ಹಣೆ ತುಂಬ ವಿಭೂತಿ. ಅವಳ ಬರಿಗಾಲು ನೋಡಿ ಅವರ ಮುಖ ಅರಳಿತು.

"ಭಾಳ ಛಲೋ ಆತು ನೋಡ್ರಿ ತಾಯಿ. ಸಿಟ್ಟು ಮಾಡ್ಕೋಬ್ಯಾಡ್ರಿ. ನನಗಂತೂ ಹೊಳೆದೇ ಇರಲಿಲ್ಲ, ನಿಮ್ಮ ಯಜಮಾನ್ರೇ ನೆನಪು ಮಾಡಿದ್ರು."

"ಯಾರು?"

"ಮಧ್ವೇಶ ಅವರ್ರೀ. ಮಲ್ಲತ್ತಹಳ್ಳಿ ಕೆರಿ ಹತ್ರ ದಿನಾ ವಾಕಿಂಗಿಗೆ ಸಿಗ್ತಾರ. ಮೊಳಿ ಹೊಡೆದ ಚರ್ಮದ ಚಪ್ಪಲಿ ಹಾಕ್ಕೊಂಡು ದೇವರ ಮುಂದೆ ಕುಣಿಯೋದು ನಡೀತದಾ ಸಾರ್ ಅಂತ ನಿನ್ನೆ ಅವರೇ ಕೇಳಿದ್ರು. ಸ್ವಂತ ಹೆಂಡ್ತಿ ಅಂತನೂ ನೋಡದ ಹೇಳಿದ್ರಲ್ರೀ. ಭಕ್ತಿ ಅಂದ್ರ ಅದು!"

ಆಹಾ, ಭಕ್ತಿ! ರಾಯರ ಮಠ ಬಿಟ್ಟು ಇನ್ನೊಂದು ಗುಡಿಯ ಮೆಟ್ಟಿಲು ತುಳಿಯದ ಮಧ್ವೇಶನಿಗೆ ರಾತ್ರೋರಾತ್ರಿ ನಟರಾಜನ ಮೇಲೆ ಭಕ್ತಿ ಉಕ್ಕಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ತುಂಗಾಗೆ ಇನ್ನೊಂದು ಮಾತೂ ಆಗಲೇ ಹೊಳೆಯಿತು. ಮೂರು ವರ್ಷದಲ್ಲಿ ಕಾಂತರಾಜು ಅವಳಿಗೆ ಮೆಟ್ಟಿಲಲ್ಲಿ ನೂರು ಸಲ ಸಿಕ್ಕಿದ್ದ. ಚೆನ್ನಾಗಿದೀರಾ ಮೇಡಂ ಅಂದಿದ್ದ, ಬೋರ್‌ವೆಲ್ ವಿಷಯ ಮಾತಾಡಿದ್ದ. ಸದ್ದಿನ ಬಗ್ಗೆ ಒಂದೇ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಅವಳ ಹೆಸರು ಕೂಗಿದರು.

ದೀಪ ಮುಖಕ್ಕೆ ಬಡಿಯಿತು. ಗಿಟಾರು ಶುರುವಾಯಿತು, ಕೈ ತಾನಾಗಿ ಮೇಲೆದ್ದಿತು, ಬೆನ್ನು ತಾನಾಗಿ ನೆಟ್ಟಗಾಯಿತು. ಅವಳು ಬರಿಗಾಲಿನಿಂದ ನೆಲಕ್ಕೆ ಹೊಡೆದಳು. ಅಂಗಾಲು ಉರಿಯಿತು. ಮೇಲಿನ ದೊಡ್ಡ ಸ್ಪೀಕರಿನಿಂದ ಯಾವಳೋ ಕಾಣದವಳ ಹಿಮ್ಮಡಿ ಟಕ್ ಅಂದಿತು. ಮೂರು, ಆರು, ಎಂಟು. ಎಲ್ಲವೂ ಸರಿಯಾಗಿತ್ತು, ಒಂದೂ ತಪ್ಪಲಿಲ್ಲ, ಮತ್ತು ಒಂದೂ ಅವಳದಾಗಿರಲಿಲ್ಲ. ಜನ ಆಗಲೇ ತಾಳಕ್ಕೆ ಕೈ ತಟ್ಟುತ್ತಿದ್ದರು. ತುಂಗಾಗೆ ನಾಚಿಕೆಯಾಯಿತು. ಕದ್ದ ಒಡವೆ ಹಾಕಿಕೊಂಡು ಮದುವೆಮನೆಯಲ್ಲಿ ಓಡಾಡುವವಳ ನಾಚಿಕೆ ಅದು.

ಮೂರು ನಿಮಿಷ ಕಳೆಯಿತು. ಕೊನೆಯ ನಿಮಿಷ ಬರೀ ಕಾಲಿನದು. ಗಿಟಾರು ನಿಂತುಬಿಡುತ್ತದೆ, ಹಿಮ್ಮಡಿ ಮಳೆ ಸುರಿದ ಹಾಗೆ ಒಂದೇ ಸಮ ಹೊಡೆಯಬೇಕು. ಈ ನಿಮಿಷಕ್ಕಾಗಿಯೇ ಅವಳು ಮೂರು ವರ್ಷ ಅಡುಗೆಮನೆಯಲ್ಲಿ ಕಾಲು ಸವೆಸಿದ್ದು. ಗಿಟಾರು ನಿಂತಿತು. ತುಂಗಾ ಕೂಡ ನಿಂತಳು.

ಬೇಕಂತಲೇ ನಿಂತಳು. ಎರಡೂ ಕೈಯಿಂದ ಲಂಗವನ್ನು ಹಿಡಿದು ಮೊಣಕಾಲಿನ ತನಕ ಎತ್ತಿದಳು. ಅಲ್ಲಾಡದ ಎರಡು ಬರಿಗಾಲು ದೀಪದಡಿ ಇಡೀ ಸಭೆಗೆ ಕಾಣುವ ಹಾಗೆ ನಿಂತು ಮೂರನೇ ಸಾಲಿನ ತುದಿಯನ್ನೇ ನೋಡಿದಳು. ನೋಡು. ಇದು ನಿನ್ನ ಕೆಲಸ. ಇದು ನಾನಲ್ಲ ಅಂತ ಈಗಲಾದರೂ ನೋಡು. ಮೇಲೆ ಸ್ಪೀಕರಿನಲ್ಲಿ ಸ್ಪೇನಿನವಳು ಎಗ್ಗಿಲ್ಲದೆ ಬಡಿಯುತ್ತಿದ್ದಳು, ಟಕಟಕ ಟಕಟಕ ಟಕಟಕ. ಮುಂದಿನ ಸಾಲಿನಲ್ಲಿ ಒಬ್ಬರಿಬ್ಬರು ಮುಖ ಮುಖ ನೋಡಿಕೊಂಡರು. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಇದೂ ಸ್ಪೇನಿನ ಪದ್ಧತಿ ಇರಬೇಕು ಅಂತ ಉಳಿದವರು ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು. ಮಧ್ವೇಶನ ಮುಖ ಅವಳ ಕಡೆಗೇ ಇತ್ತು. ಅವನೂ ತಟ್ಟುತ್ತಿದ್ದ.

ಕೊನೆಯ ಟಕ್ ಆದ ಮೇಲೆ ಅವಳು ಲಂಗ ಬಿಟ್ಟು ಒಳಗೆ ನಡೆದಳು. ಏನಾಯ್ತು ಆಂಟಿ, ಮರೆತು ಹೋಯ್ತಾ ಅಂತ ರಾಗಿಣಿ ಕೇಳಿದಳು. ತುಂಗಾ ಚಪ್ಪಲಿಯ ಜೋಡಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಕಾರು ಮಾಗಡಿ ರಸ್ತೆಗೆ ಬಂದು ಸಿಗ್ನಲ್ಲಿನಲ್ಲಿ ನಿಂತಾಗ ಮಧ್ವೇಶನೇ ಮಾತು ತೆಗೆದ.

"ಸುಳ್ಳು ಹೇಳಲ್ಲ ಕಣೇ, ಇಷ್ಟು ಚೆನ್ನಾಗಿರತ್ತೆ ಅಂದ್ಕೊಂಡಿರಲಿಲ್ಲ. ಕೊನೇಲಿ ಕಾಲು ಬಡಿದ್ಯಲ್ಲ, ಮೈ ಜುಮ್ ಅಂತು. ಪಕ್ಕದವರು ಯಾರ್ರೀ ಅವ್ರು ಅಂತ ಕೇಳಿದ್ರು. ನನ್ ಹೆಂಡ್ತಿ ಅಂದೆ."

ಈ ಮಾತಿಗಾಗಿ ಅವಳು ಮೂರು ವರ್ಷ ಕಾದಿದ್ದಳು. ಅಕ್ಷರಕ್ಕೆ ಅಕ್ಷರ ಅದೇ ಮಾತು ಬಂದಿತ್ತು. ಬೇರೆಯವಳ ಕಾಲಿಗೆ ಬಂದಿತ್ತು.

"ಚಪ್ಪಲಿ ವಿಷಯ ರೇವಣಸಿದ್ದಪ್ಪನವರ ಹತ್ರ ಹೇಳಿದ್ದು ನೀವಾ?"

"ಹೂಂ, ಸುಮ್ನೆ ಕೇಳ್ದೆ. ದೇವರ ಮುಂದೆ ಅಲ್ವೇನೇ? ಈಗ ನೋಡು, ಅದಿಲ್ದೇನೇ ಎಷ್ಟು ಚೆನ್ನಾಗಿ ಬಂತು. ನೆಲಕ್ಕೆ ಮೈಕ್ ಇಟ್ಟಿದ್ರಾ? ಇಷ್ಟು ದಿನ ಸುಮ್ಸುಮ್ನೆ ಆ ಮೊಳೆ ಗಿಳೆ ಕಟ್ಕೊಂಡು ಒದ್ದಾಡ್ದೆ."

"ರೀ, ನಾನು ಕುಣೀಲಿಲ್ಲ. ಕೊನೇ ನಿಮಿಷ ಪೂರ್ತಿ ಲಂಗ ಎತ್ಕೊಂಡು, ನಿಮ್ಮನ್ನೇ ನೋಡ್ಕೊಂಡು, ಸುಮ್ನೆ ನಿಂತಿದ್ದೆ."

ಸಿಗ್ನಲ್ ಹಸಿರಾಯಿತು. ಮಧ್ವೇಶ ಗೇರ್ ಹಾಕುತ್ತ ಅವಳ ಕಡೆ ತಿರುಗಿ, ತಮಾಷೆ ಮಾಡುತ್ತಿದ್ದಾಳೇನೋ ಅಂತ ನಕ್ಕ.

"ನಿಂತಿದ್ಯಾ? ಯಾವಾಗ? ಸದ್ದು ಬರ್ತಾನೇ ಇತ್ತಲ್ಲೇ!"