ಹಿಡಿದಿಟ್ಟ ಭುಜ

ಉಡುಪು ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಅಕ್ಕನಿಗೆ ಇವರು ಮೂರನೆಯ ಡಾಕ್ಟರು. ಏಳನೇ ವಯಸ್ಸಿನಿಂದ ಅವಳ ಎಡಭುಜ ತಾನಾಗಿಯೇ ಮೇಲಕ್ಕೆ ಹಾರುತ್ತಿತ್ತು. ಪಾಳಿಯುದ್ದಕ್ಕೂ ಅದನ್ನು ಹಿಡಿದಿಡುವ ದುಡಿಮೆಯೇ ಅವಳನ್ನು ಹೈರಾಣು ಮಾಡಿತ್ತು, ಅದಕ್ಕೆ ಕೂಲಿಯಿಲ್ಲ. ಸೂಪರ್‌ವೈಸರ್ ಗದರಿದಾಗ ಮಾತ್ರ ಕೈಮೀರುತ್ತಿತ್ತು.

'ನನಗೇ ಭುಜ ಕುಣಿಸ್ತೀಯಾ? ಕಾಯಿಲೆ ಅಂತ ಚೀಟಿ ತಾ, ಇಲ್ಲಾಂದ್ರೆ ಮನೇಲಿರು' ಎಂದಿದ್ದ.

ಮೊದಲಿಬ್ಬರು ಡಾಕ್ಟರಿಗೆ ಏನೂ ಕಾಣಿಸಿರಲಿಲ್ಲ. ಈ ಡಾಕ್ಟರಮ್ಮನ ಎದುರಿಗೂ ಭುಜ ಕಲ್ಲಿನಂತೆ ಕೂತಿತ್ತು.

ಜೊತೆಗಿದ್ದ ತಂಗಿಗೆ ರೇಗಿತು. 'ಇಲ್ಲೂ ಯಾಕಕ್ಕಾ ಬಿಗಿ ಹಿಡ್ಕೊಂಡಿದ್ದೀಯ? ಇವರೇನು ನಿನ್ನ ಸೂಪರ್‌ವೈಸರಾ?'

'ದೊಡ್ಡವರ ಮುಂದೆ ಹೇಗೆ ಬಿಡೋದೇ?'

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. 'ಸೀನು ತಡೆದ ಹಾಗೆ ಸ್ವಲ್ಪ ಹೊತ್ತು ತಡೀಬಹುದಮ್ಮ. ಹಾಗಂತ ಅದು ನಾಟಕ ಅಲ್ಲ. ಬಿಟ್ಟುಬಿಡಿ.'

ಬಿಟ್ಟಳು. ಭುಜ ಹಾರಿತು, ಮತ್ತೆ ಮತ್ತೆ ಹಾರಿತು.

'ಹೀಗೇ ಗಂಟಲಿಂದಲೂ ತಾನಾಗೇ ಶಬ್ದ ಬರುತ್ತಾ?'

'ಇಲ್ಲ.'

'ಎಷ್ಟು ವರ್ಷದಿಂದ?'

'ಮೂವತ್ತಾಯ್ತು.'

ಇನ್ನಷ್ಟು ಕೇಳಿ, ಪರೀಕ್ಷಿಸಿ ಡಾಕ್ಟರಮ್ಮ ಬರೆದರು: ದೀರ್ಘಕಾಲದ ಟಿಕ್ ಸಮಸ್ಯೆ, ಅಂದರೆ ಅಂಗ ತಾನಾಗಿಯೇ ಹಾರುವುದು, ಬೇಕೆಂದು ಮಾಡುವುದಲ್ಲ.

ಚೀಟಿ ಕೈಗೆ ಬಂದರೂ ಅವಳು ಏಳಲಿಲ್ಲ. 'ಇನ್ನೈದು ನಿಮಿಷ ಕೂತಿರ್ತೀನಿ ತಾಯಿ. ಇಲ್ಲಿ ತಡೀಬೇಕಾಗಿಲ್ವಲ್ಲ.'