ನೊರೆ ಬಂದ ಹತ್ತಿ

ಕಡಾಯಿಯ ಮುಚ್ಚಳ ಎತ್ತಿದೊಡನೆ ಶೈಲಾ ಮೂಗು ಮುಚ್ಚಿಕೊಂಡಳು. ಜಗಳೂರಿನ ಹೊರಗಿನ ಆ ಶೆಡ್ಡಿನಲ್ಲಿ ಆಸ್ಪತ್ರೆಗಳಿಗೆ ಬೇಕಾದ ಹತ್ತಿ ತಯಾರಾಗುತ್ತಿತ್ತು. ಕಾಸ್ಟಿಕ್ ಸೋಡಾದ ನೀರಿನಲ್ಲಿ, ಆವಿಯ ಒತ್ತಡದಲ್ಲಿ ಮೂರು ತಾಸು ಬೆಂದರೆ ಎಳೆಗಳ ಮೇಣವೆಲ್ಲ ಬಿಟ್ಟು ಹತ್ತಿ ನೀರು ಕುಡಿಯುತ್ತದೆ. ಆದರೆ ಮುಚ್ಚಳದ ರಬ್ಬರ್ ಹರಿದು ಆವಿಯೆಲ್ಲ ಸೋರುತ್ತಿತ್ತು. ಸೌದೆ ದಂಡವೆಂದು ಮಾಲೀಕ ಕಲ್ಲೇಶಪ್ಪ ಒಂದೇ ತಾಸಿಗೆ ಬೆಂಕಿ ಆರಿಸಿದ್ದ.

ಕಂದು ನೀರು ಕೊಳೆತ ಅವರೆಕಾಳಿನಂತೆ ನಾರುತ್ತಿತ್ತು. ಎಷ್ಟು ಬ್ಲೀಚಿಂಗ್ ಮಾಡಿದರೂ ಹತ್ತಿಯ ಮೇಲೆ ತೊಳೆಯದ ಹಲ್ಲಿನಂಥ ಹಳದಿ ಉಳಿಯಿತು. ಶೈಲಾ ಒಂದು ಉಂಡೆ ಹಿಂಡಿ ಒಣಗಿಸಿ ನೀರಿಗೆ ಹಾಕಿದಳು. ಹತ್ತು ಎಣಿಸುವುದರೊಳಗೆ ಮುಳುಗಬೇಕಾದದ್ದು ಸತ್ತ ಮೀನಿನಂತೆ ತೇಲುತ್ತಲೇ ಇತ್ತು.

"ಇನ್ನೊಂದ್ಸಲ ಬೇಯ್ಸಬೇಕ್ರೀ," ಎಂದಳು ತಲೆ ತಗ್ಗಿಸಿ.

"ಎಂಟನೇ ಕ್ಲಾಸು ಮುಗಿಸದೋಳು ನಂಗೆ ಹೇಳಾಕೆ ಬಂದ್ಲು! ಕೊನೇ ಸಲ ತೊಳೆಯೋ ನೀರಿಗೆ ಸೋಪಿನ ಪುಡಿ ಹಾಕ್ರಿ. ಹೆಂಗೆ ಮುಳುಗಲ್ಲ ನೋಡಾಣ," ಎಂದ ಕಲ್ಲೇಶಪ್ಪ.

ಜೊತೆಯ ಹಿರಿಯಾಕೆ ಗಾದ್ರಮ್ಮ ಪುಡಿ ಕದಡುತ್ತ ಗೊಣಗಿದಳು. "ಹೆರಿಗೆ ವಾರ್ಡಿಗೆ ಹೋಗೋ ಮಾಲು ಕಣವ್ವ. ಹೊಲಿಗೆ ಹಾಕಿದ ಜಾಗಕ್ಕೆ ಇದನ್ನ ಇಡ್ತಾರಂತೆ."

ಶೈಲಾಳಿಗೆ ಆ ಹೊತ್ತು ಊಟ ಸೇರಲಿಲ್ಲ.

ಮೂರನೇ ದಿನ, ಹತ್ತಿ ಒಣಗಿದ ಮೇಲೆ, ಆಸ್ಪತ್ರೆಗಳಿಗೆ ಸರಕು ಒದಗಿಸುವ ಓಂಕಾರಪ್ಪ ಚನ್ನಗಿರಿಯಿಂದ ಬಂದರು.

"ಶೈಲಾ, ತೋರ್ಸವ್ವಾ," ಎಂದ ಕಲ್ಲೇಶಪ್ಪ. ಎಂದೂ ಇಲ್ಲದ ಆ ಮೆದುಮಾತಿಗೆ ಅವಳು ತಲೆಯೆತ್ತದೆ ಹತ್ತಿಯ ಉಂಡೆಯೊಂದನ್ನು ಕಿತ್ತಳು.

ಬಾಟಲಿಯ ನೀರಿಗೆ ಬಿದ್ದ ಉಂಡೆ ಐದು ಎಣಿಸುವಷ್ಟರಲ್ಲಿ ತಳ ಸೇರಿತು. ಓಂಕಾರಪ್ಪ ತಲೆಯಾಡಿಸಿ ಪೆನ್ನು ತೆಗೆದರು. ಅವರು ಸಹಿ ಹಾಕುವ ಮೊದಲೇ ಶೈಲಾ ಮುಂದೆ ಬಂದಳು. ಮುಚ್ಚಳ ಬಿಗಿದು ಬಾಟಲಿಯನ್ನು ಜೋರಾಗಿ ಕುಲುಕಿದಳು. ನೊರೆ ಕುತ್ತಿಗೆಯವರೆಗೂ ಉಕ್ಕಿತು.

"ಇದೇನ್ರೀ, ನಿಮ್ಮ ಹತ್ತಿ ಹಾಲು ಕರಿತೈತಾ?" ಎಂದರು ಓಂಕಾರಪ್ಪ.

"ಬಾಟ್ಲಿ ತೊಳ್ದಿಲ್ರೀ, ಕೊಳಕು ಹುಡುಗಿ!"

ಗಾದ್ರಮ್ಮ ತನ್ನ ಕುಡಿಯುವ ನೀರಿನ ಬಾಟಲಿ ತಂದಿಟ್ಟಳು. ಇನ್ನೊಂದು ಉಂಡೆ ಹಾಕಿ ಕುಲುಕಿದರೆ ಅದರಲ್ಲೂ ನೊರೆಯೇ.

ಓಂಕಾರಪ್ಪ ನೊರೆಗೆ ಬೆರಳದ್ದಿ ಮೂಸಿ, ಕರ್ಚೀಫಿಗೆ ಒರೆಸಿಕೊಂಡರು. "ಥೂ! ಬಾಣಂತ್ಯಾರಿಗೆ ಇಡಾಕೇನ್ರೀ ಇದು?" ಎನ್ನುತ್ತ ಹೊರಟೇಹೋದರು.

ಕಲ್ಲೇಶಪ್ಪನಿಗೆ ನಾಚಿಕೆಯೇನೂ ಆಗಲಿಲ್ಲ. "ಹೊನ್ನಾಳಿ, ನ್ಯಾಮತಿ ಕಡೆ ಕಳ್ಸಿದ್ರಾತು, ಅಲ್ಲಿ ಯಾರು ಕುಲುಕಿ ನೋಡ್ತಾರೆ? ಏ ಶೈಲಾ, ನೀನು ನಾಳೆಯಿಂದ ಬರಬ್ಯಾಡ," ಎಂದು ಫೋನು ಹಿಡಿದು ಒಳಗೆ ನಡೆದ.

ಶೈಲಾ ಹತ್ತಿಯ ಮೂಟೆಯೊಂದನ್ನು ಎಳೆದು, ಶೆಡ್ಡಿನ ಹಿಂದಿನ ಕಂದು ನೀರಿನ ಗುಂಡಿಗೆ ದೂಡಿದಳು. ತಿರುಗಿ ನೋಡಿದರೆ ಗಾದ್ರಮ್ಮ ಇನ್ನೊಂದನ್ನು ಎಳೆದು ತರುತ್ತಿದ್ದಳು.